ನಮ್ಮ ಹೊಲದ ಬೆಳೆಗೆ ನಮ್ಮ ಹೋಟೆಲ್‌ಗಳಲ್ಲಿ ಎಡೆ ಸಿಗಲಿ: ಕೊಪ್ಪಳ ಜಿಲ್ಲಾಧಿಕಾರಿಗಳಿಗೂ ಹೋಟೆಲ್ ಮಾಲೀಕರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕೊಪ್ಪಳ ಜಿಲ್ಲೆ,
ಹಾಗೂ ಜಿಲ್ಲೆಯ ಎಲ್ಲ ಹೋಟೆಲ್, ಖಾನಾವಳಿ, ರೆಸಾರ್ಟ್ ಮತ್ತು ಹೋಮ್‌ಸ್ಟೇ ಮಾಲೀಕರು.

ಮಾನ್ಯರೇ,

ನಾನು ಯಲಬುರ್ಗಾ ತಾಲ್ಲೂಕಿನ ಕಪ್ಪುಮಣ್ಣಿನ ಎರೆಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುವ ರೈತ. ನಮ್ಮ ಮನೆಯವರು ಊರಿನ ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯಾಗಿದ್ದು, ಸಂಘದ ಇತರ ಹೆಣ್ಣುಮಕ್ಕಳ ಜೊತೆ ಸೇರಿ ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ ಮಾಡಿ ಮಾರುತ್ತಾರೆ. ಬೆಳೆಯುವವರ ಕಷ್ಟವೂ ಅಡುಗೆ ಮಾಡುವವರ ಕಷ್ಟವೂ ಒಂದೇ ಮನೆಯೊಳಗೆ ಇರುವುದರಿಂದ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ. ನಮ್ಮ ಜಿಲ್ಲೆಯ ನೆಲದಲ್ಲಿ ಆಯಾ ಕಾಲಕ್ಕೆ ಬರುವ ಕಾಳುಕಡಿ, ಸೊಪ್ಪು, ಕಾಯಿಪಲ್ಯೆ, ಹಣ್ಣು ನಮ್ಮದೇ ಜಿಲ್ಲೆಯ ಹೋಟೆಲ್‌ಗಳ ತಟ್ಟೆಗೆ ಬರುತ್ತಿಲ್ಲ. ಬರುತ್ತದೆ ಎಂದು ಫಲಕ ಹಾಕಿಕೊಂಡ ಕಡೆಯಲ್ಲೂ ಎಷ್ಟೋ ಸಲ ಬಂದಿರುವುದಿಲ್ಲ. ಇದನ್ನು ಸರಿಪಡಿಸಲು ದೊಡ್ಡ ಹಣವೇನೂ ಬೇಕಾಗಿಲ್ಲ, ಆಡಳಿತ ಮತ್ತು ವ್ಯಾಪಾರಸ್ಥರು ಒಂದೆಡೆ ಕುಳಿತು ಮಾತಾಡಬೇಕು ಎಂಬುದು ನನ್ನ ನಂಬಿಕೆ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ನಮ್ಮ ಜಿಲ್ಲೆಯಲ್ಲಿ ಒಕ್ಕಲುತನ ಒಂದೇ ಬಗೆಯದಲ್ಲ. ಗಂಗಾವತಿ, ಕಾರಟಗಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಸೋನಾ ಮಸೂರಿ ಭತ್ತ ಬೆಳೆಯುತ್ತಾರೆ. ಆನೆಗೊಂದಿಯ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಬಾಳೆತೋಟಗಳಿಗೆ ನೀರುಣಿಸುತ್ತಿವೆ. ಇತ್ತ ಕುಷ್ಟಗಿ, ಯಲಬುರ್ಗಾ, ಕುಕನೂರು ಭಾಗದ ಎರೆ ಮತ್ತು ಕೆಂಪುಮಣ್ಣಿನ ಮಸಾರಿ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿವೆ. ಮುಂಗಾರಿಗೆ ಸಜ್ಜೆ, ಹೆಸರು, ಮಡಕಿ, ಅಲಸಂದಿ, ನವಣೆ, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಅಗಸೆ. ಎರೆಮಣ್ಣು ಹಿಡಿದಿಟ್ಟುಕೊಂಡ ತೇವ ಮತ್ತು ಚಳಿಗಾಲದ ಇಬ್ಬನಿಯ ಮೇಲೆಯೇ ಹಿಂಗಾರಿ ಜೋಳ ತೆನೆಗಟ್ಟುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶ ಆತಂಕಕ್ಕೆ ಬಿದ್ದಿದ್ದನ್ನು ಕಂಡವರಿಗೆ, ಅಣೆಕಟ್ಟಿನಿಂದ ಒಂದು ಹನಿ ನೀರನ್ನೂ ಕೇಳದ ಈ ಬೆಳೆಗಳ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ಈ ಬೆಳೆಗಳ ಹಿಂದೆಯೇ ಋತುಮಾನದ ಊಟವೂ ಬರುತ್ತದೆ. ಶ್ರಾವಣದ ಮಳೆಗೆ ಹೊಲದ ಬದುವಿನಲ್ಲಿ ಹಕ್ಕರಿಕೆ, ಕಿರಕಸಾಲಿ ಸೊಪ್ಪು ಏಳುತ್ತವೆ. ಪುಂಡಿಪಲ್ಯೆ ಆಗ ಎಳೆಯದಾಗಿರುತ್ತದೆ, ಸಜ್ಜೆ ನುಚ್ಚು ಹಾಕಿ ಕುದಿಸಿದರೆ ಅದರ ಹುಳಿ ಹದಕ್ಕೆ ಬರುತ್ತದೆ. ದಸರೆಯ ಹೊತ್ತಿಗೆ ಬಂಡೆಗಲ್ಲಿನ ಗುಡ್ಡಗಳಿಂದ ಸೀತಾಫಲ ಬುಟ್ಟಿಗಳಲ್ಲಿ ಇಳಿಯುತ್ತದೆ. ಚಳಿ ಬಿದ್ದಾಗ ಕಡಲೆ ಗಿಡದ ಕುಡಿ ಚಿವುಟುತ್ತೇವೆ. ಚಿವುಟಿದರೆ ಗಿಡ ಕವಲೊಡೆದು ಕಾಯಿ ಹೆಚ್ಚು ಕಟ್ಟುತ್ತದೆ, ಚಿವುಟಿದ ಹುಳಿ ಕುಡಿ ಅಡುಗೆಮನೆಗೆ ಹೋಗಿ ಕಡಲೆ ಪಲ್ಯೆಯಾಗುತ್ತದೆ. ಎಳ್ಳಮಾವಾಸ್ಯೆಗೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಹಸಿಕಾಳಿನ ಪಲ್ಯೆ, ಶೇಂಗಾ ಹೋಳಿಗೆ ಇರಲೇಬೇಕು. ಅದರ ಹಿಂದೆಯೇ ಸೀತನಿಯ ಕಾಲ. ಹಾಲುಗಾಳು ಬಲಿಯುವ ಹೊತ್ತಿಗೆ ಜೋಳದ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ, ಕಾಳು ಉದುರಿಸಿ, ಶೇಂಗಾ ಚಟ್ನಿ, ಬೆಲ್ಲ, ಮೊಸರಿನ ಜೊತೆ ತಿನ್ನುವ ಈ ತಿನಿಸಿಗೆ ವರ್ಷದಲ್ಲಿ ಕೆಲವೇ ವಾರಗಳ ಆಯುಷ್ಯ. ಬೇಸಿಗೆಯಲ್ಲಿ ಜೋಳದ ನುಚ್ಚು-ಮಜ್ಜಿಗೆ, ಅಂಬಲಿ, ಹಾಗೂ ತೋಟಗಾರಿಕೆ ಇಲಾಖೆ ಕೊಪ್ಪಳದಲ್ಲಿ ಮೇಳ ನಡೆಸಿ ಮಾರಿಸುವ ಕೇಸರ್ ಮಾವು.

ಇಷ್ಟೆಲ್ಲ ಇರುವ ಜಿಲ್ಲೆಗೆ ಪ್ರವಾಸಿಗರಿಗೂ ಕೊರತೆಯಿಲ್ಲ. 575 ಮೆಟ್ಟಿಲು ಹತ್ತಿ ಅಂಜನಾದ್ರಿಯ ಆಂಜನೇಯನನ್ನು ಕಾಣಲು ಉತ್ತರ ಭಾರತದಿಂದಲೂ ಜನ ಬರುತ್ತಾರೆ. ಹುಣ್ಣಿಮೆ ಬಂತೆಂದರೆ ಹುಲಿಗೆಮ್ಮ ದೇವಿಯ ಹುಲಿಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯನ್ನು ನೋಡಿದವರು ಹೊಳೆ ದಾಟಿ ಆನೆಗೊಂದಿಗೆ ಬರುತ್ತಾರೆ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಇವರೆಲ್ಲ ಇಲ್ಲಿ ಉಣ್ಣುವುದೇನು? ದಾಲ್ ಫ್ರೈ, ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ, ಫ್ರೈಡ್ ರೈಸ್. ಭತ್ತದ ಕಣಜವೆನಿಸಿಕೊಂಡ ಗಂಗಾವತಿಯ ಪಕ್ಕದಲ್ಲೇ ಕುಳಿತು ದೂರದ ಬಾಸ್ಮತಿಯ ಪಲಾವ್ ಉಣ್ಣುತ್ತಾರೆ. ಈ ಪದಾರ್ಥಗಳ ಮೇಲೆ ನನಗೆ ದ್ವೇಷವಿಲ್ಲ, ಬೇಕಾದವರು ತಿನ್ನಲಿ. ಆದರೆ ಬೇರೆಯದನ್ನು ಕೇಳುವವನಿಗೆ ಅದು ಸಿಗುವಂತಿರಬೇಕಲ್ಲವೇ? ಬೆಳಗಿನ ಮಂಡಕ್ಕಿ ಒಗ್ಗರಣಿ-ಮಿರ್ಚಿಯೊಂದು ಮಾತ್ರ ಇನ್ನೂ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಅದನ್ನು ಉಳಿಸಿದವರು ರಸ್ತೆ ಬದಿಯ ಬಂಡಿಯವರು.

ನಾನೇ ಕಂಡದ್ದೊಂದನ್ನು ತಮ್ಮ ಗಮನಕ್ಕೆ ತರುತ್ತೇನೆ. ಜನವರಿಯಲ್ಲಿ ಬೆಂಗಳೂರಿನಿಂದ ಬಂದಿದ್ದ ಬೀಗರನ್ನು ಕರೆದುಕೊಂಡು ಆನೆಗೊಂದಿ ಕಡೆಯ ಒಂದು ರೆಸಾರ್ಟ್‌ಗೆ ಊಟಕ್ಕೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಬೇಡ. ಬಾಗಿಲಲ್ಲೇ ‘ಅಪ್ಪಟ ಹಳ್ಳಿ ಊಟ, ಇಲ್ಲಿಯ ರೈತರಿಂದ ನೇರವಾಗಿ’ ಎಂದು ಮರದ ಹಲಗೆಯ ಮೇಲೆ ಚೆಂದವಾಗಿ ಬರೆಸಿದ್ದರು. ತಟ್ಟೆಗೆ ಬಂದ ರೊಟ್ಟಿಯನ್ನು ಮುರಿದರೆ ಮುರಿಯಲಿಲ್ಲ, ಎಳೆದಂತೆ ಹಿಗ್ಗಿತು. ಅದರಲ್ಲಿ ಗೋಧಿ ಬೆರೆತಿತ್ತು. ಎಣಗಾಯಿಗೆ ಶೇಂಗಾ, ಗುರೆಳ್ಳಿನ ಬದಲು ಗೋಡಂಬಿ ಮತ್ತು ಕೆನೆಯ ಗ್ರೇವಿ ಸುರಿದಿದ್ದರು. ನಮ್ಮ ಹೊಲಗಳಲ್ಲಿ ಹಸಿಗಡಲೆ, ಹಸಿ ತೊಗರಿ ತುಂಬಿಕೊಂಡಿರುವ ಆ ತಿಂಗಳಲ್ಲಿ ಪಲ್ಯೆಯೊಳಗೆ ಇದ್ದದ್ದು ಫ್ರೀಜರ್‌ನ ಬಟಾಣಿ. ಕೊನೆಗೆ ಹಣ್ಣೆಂದು ಸೇಬು ಮತ್ತು ಕಿವಿ ಹಣ್ಣಿನ ಹೋಳು ತಂದಿಟ್ಟರು. ನಾವು ಕುಳಿತಿದ್ದ ಜಾಗದ ತಂತಿಬೇಲಿಯ ಆಚೆಗೇ ಬಾಳೆಗೊನೆಗಳು ಬಾಗಿ ನಿಂತಿದ್ದವು. ಬಡಿಸುವ ಹುಡುಗನಿಗೆ ಏನೂ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಹೊರಗೆ ಬಂದ ಅಡುಗೆಯವರು ಇದ್ದದ್ದನ್ನು ಇದ್ದಂತೆ ಹೇಳಿದರು: ‘ಹಿಟ್ಟು ಪ್ಯಾಕೆಟಿಂದು ಬರತದ್ರೀ. ಕಾಯಿಪಲ್ಯೆಕ್ಕ ಒಂದು ಲಿಸ್ಟ್ ಅದ, ದಿನಾ ಅದರ ಪ್ರಕಾರ ಗಾಡಿ ಬರತದ. ಮಳಿಗಾಲಕ್ಕೂ ಅದೇ ಲಿಸ್ಟ್, ಬ್ಯಾಸಗಿಗೂ ಅದೇ ಲಿಸ್ಟ್.’

ವರ್ಷವಿಡೀ ಬದಲಾಗದ ಆ ಪಟ್ಟಿಯೇ ಈ ಪತ್ರಕ್ಕೆ ಕಾರಣ. ಇಲ್ಲಿಯ ರೈತರಿಂದ ನೇರವಾಗಿ ಎಂಬ ಮಾತಿಗೆ ಮೆಚ್ಚಿ ಪ್ರವಾಸಿಗನು ಹೆಚ್ಚಿನ ಬೆಲೆ ಕೊಡುತ್ತಾನೆ. ಆ ಹೆಚ್ಚಿನ ಬೆಲೆಯಲ್ಲಿ ಒಂದು ಪೈಸೆಯೂ ಇಲ್ಲಿಯ ರೈತನಿಗೆ ಮುಟ್ಟದಿದ್ದರೆ ಮೋಸ ಇಬ್ಬರಿಗೂ ಆಗುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಕಲಂ ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಯಾರಿಗೂ ದಂಡ ಹಾಕಿಸುವುದು ನನ್ನ ಉದ್ದೇಶವಲ್ಲ. ಆದರೆ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದಾಗ ಬಂಡಿಯ ವ್ಯಾಪಾರಿಗಳೂ ತಪಾಸಣೆಗೆ ಒಳಗಾದರು. ಬಂಡಿಯವರಿಗೆ ಅನ್ವಯಿಸಿದ ಶಿಸ್ತು ಮರದ ಹಲಗೆಯ ಫಲಕ ಹಾಕಿಕೊಂಡವರಿಗೂ ಅನ್ವಯಿಸಬೇಕು ಎಂದಷ್ಟೇ ಕೇಳುತ್ತೇನೆ.

ಇನ್ನು ನಮ್ಮ ಸಂಘದ ಹೆಣ್ಣುಮಕ್ಕಳ ಅನುಭವ. ಜಿಲ್ಲೆಯ ಒಂದು ದೊಡ್ಡ ಹೋಟೆಲ್‌ನವರು ಖಡಕ್ ರೊಟ್ಟಿಗೆ ತಾವಾಗಿಯೇ ಆರ್ಡರ್ ಕೊಟ್ಟರು. ಸಂಘದವರು ಸಾಲ ಎತ್ತಿ ಹೆಚ್ಚುವರಿ ಜೋಳ ಕೊಂಡರು, ಎರಡು ಒಲೆ ಹೆಚ್ಚಿಸಿದರು. ರೊಟ್ಟಿ ಬಡಿಯುವುದು ಹಗುರ ಕೆಲಸವಲ್ಲ. ಕುದಿವ ಎಸರಿನಲ್ಲಿ ಹಿಟ್ಟು ಕಲಸಿ, ಬಿಸಿ ಆರುವ ಮೊದಲೇ ನಾದಿ, ಅಂಗೈಯಲ್ಲಿ ತಿರುಗಿಸುತ್ತಾ ತಟ್ಟಿ, ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಉಬ್ಬಿಸಿ, ಆಮೇಲೆ ಒಲೆಯ ಬಿಸಿಗೆ ನಿಲ್ಲಿಸಿ ಗರಿಗರಿಯಾಗುವವರೆಗೆ ಕಾಯಬೇಕು. ನಸುಕಿನಲ್ಲಿ ಕೂತವರು ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಏಳುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಹೀಗೆ ಮಾಡಿಕೊಟ್ಟ ರೊಟ್ಟಿಯ ಹಣಕ್ಕೆ ತಿಂಗಳುಗಟ್ಟಲೆ ಅಲೆಸಿದರು. ಬಾಕಿ ಕೇಳಿದ ಮೇಲೆ ಆರ್ಡರ್ ನಿಂತಿತು. ಈಗ ಅಲ್ಲಿ ಯಂತ್ರದ ರೊಟ್ಟಿ ದೂರದೂರಿನಿಂದ ಪೆಟ್ಟಿಗೆಯಲ್ಲಿ ಬರುತ್ತದೆ, ಗೋಡೆಯ ಮೇಲೆ ಮಾತ್ರ ರೊಟ್ಟಿ ಬಡಿಯುವ ಹೆಣ್ಣುಮಗಳ ಬಣ್ಣದ ಚಿತ್ರ ಹಾಗೆಯೇ ಇದೆ. ನನ್ನನ್ನು ಹೆಚ್ಚು ನೋಯಿಸಿದ್ದು ಆ ಚಿತ್ರ.

ಹೋಟೆಲ್ ನಡೆಸುವವರ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಈ ವಿಷಯವಾಗಿ ಹಲವು ಮಾಲೀಕರ ಜೊತೆ ಮಾತಾಡಿದ್ದೇನೆ. ರೈತ ಇವತ್ತು ಒಂದು ಬುಟ್ಟಿ ತರುತ್ತಾನೆ, ನಾಳೆ ಬರುವುದಿಲ್ಲ, ನಾವು ಗಿರಾಕಿಗೆ ಏನು ಹೇಳೋಣ ಎಂದು ಅವರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಉತ್ತರವನ್ನು ನಾವು ರೈತರೂ ಕೊಡಬೇಕು. ರೊಟ್ಟಿ ಬಡಿಯುವವರು ಸಿಗುವುದಿಲ್ಲ, ಸಿಕ್ಕರೂ ಗಿರಾಕಿ ತುಂಬಿದಾಗ ಬಿಸಿ ರೊಟ್ಟಿ ಪೂರೈಸಲಾಗುವುದಿಲ್ಲ ಎಂಬುದು ಇನ್ನೊಂದು ಮಾತು. ಅದಕ್ಕಾಗಿಯೇ ನಮ್ಮ ಹಿರಿಯರು ಖಡಕ್ ರೊಟ್ಟಿ ಮಾಡಿಟ್ಟಿದ್ದಾರೆ. ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡದು. ಬಿಸಿ ರೊಟ್ಟಿ ಮುಗಿದ ಮೇಲೆ ಅದನ್ನು ಬಡಿಸಿದರೆ ಬೇಡವೆನ್ನುವ ಗಿರಾಕಿ ಈ ಸೀಮೆಯಲ್ಲಿಲ್ಲ, ಹೊರಗಿನವರೂ ಬಯಸಿ ತಿನ್ನುತ್ತಾರೆ.

ಪೂರೈಕೆ ಸಾಧ್ಯವಿಲ್ಲ ಎನ್ನುವವರು ಕೊಪ್ಪಳದ ಗವಿಮಠದ ಜಾತ್ರೆಯನ್ನೊಮ್ಮೆ ನೆನೆಯಬೇಕು. ಪ್ರತಿ ವರ್ಷ ಜಾತ್ರೆಗೆ ಮುಂಚೆ ಹಳ್ಳಿಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಒಟ್ಟಿಗೆ ಕೂತು ರೊಟ್ಟಿ ಬಡಿಯುತ್ತಾರೆ. ಟ್ರ್ಯಾಕ್ಟರ್‌ಗಳಲ್ಲಿ, ಬಂಡಿಗಳಲ್ಲಿ ರೊಟ್ಟಿ, ಕಾಳು, ಕಾಯಿಪಲ್ಯೆ, ಮಾದಲಿ ಮಠಕ್ಕೆ ಬಂದು ಸೇರುತ್ತವೆ, ಮಹಾದಾಸೋಹದಲ್ಲಿ ದಿನಗಟ್ಟಲೆ ಲಕ್ಷಾಂತರ ಜನ ಉಣ್ಣುತ್ತಾರೆ. ಯಾವ ಊರು ಎಷ್ಟು ತರಬೇಕು, ಯಾವಾಗ ತರಬೇಕು, ಎಲ್ಲಿ ಇಳಿಸಬೇಕು ಎಂಬುದನ್ನು ಜನರೇ ತಮ್ಮೊಳಗೆ ಹೊಂದಿಸಿಕೊಳ್ಳುತ್ತಾರೆ. ಅಲ್ಲಿ ಭಕ್ತಿ ಇದೆ, ಇಲ್ಲಿ ವ್ಯಾಪಾರ ಎಂಬುದು ನಿಜ. ಆದರೆ ಅಷ್ಟು ರೊಟ್ಟಿ ಬಡಿಯುವ ಕೈಗಳೂ ಅಷ್ಟು ಜೋಳವೂ ಅದನ್ನು ಹೊಂದಿಸುವ ಬುದ್ಧಿಯೂ ಈ ಜಿಲ್ಲೆಯಲ್ಲಿವೆ. ಭಕ್ತಿಯ ಜಾಗದಲ್ಲಿ ಹೊತ್ತಿಗೆ ಸರಿಯಾಗಿ ಸಿಗುವ ನ್ಯಾಯವಾದ ಹಣವಿದ್ದರೆ ವ್ಯಾಪಾರಕ್ಕೂ ಆ ಕೈಗಳು ಒದಗುತ್ತವೆ.

ಹಣದ ಲೆಕ್ಕವನ್ನೂ ನೋಡಬಹುದು. 2025–26ನೇ ಸಾಲಿಗೆ ಕೇಂದ್ರ ಸರ್ಕಾರ ಮಾಲ್ದಂಡಿ ಜೋಳಕ್ಕೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಅಂದರೆ ಕಿಲೋಗೆ ಮೂವತ್ತೇಳೂವರೆ ರೂಪಾಯಿ. ಒಂದು ಕಿಲೋ ಹಿಟ್ಟಿಗೆ ಹದಿನೈದರ ಆಸುಪಾಸು ರೊಟ್ಟಿ ಏಳುತ್ತವೆ, ಹಾಗಾಗಿ ಒಂದು ರೊಟ್ಟಿಯೊಳಗಿನ ಜೋಳಕ್ಕೆ ರೈತನಿಗೆ ಸಿಗುವುದು ಎರಡೂವರೆ ರೂಪಾಯಿ. ಹೋಟೆಲ್‌ನಲ್ಲಿ ಆ ರೊಟ್ಟಿಯ ಬೆಲೆ ಅದರ ಎಷ್ಟೋ ಪಟ್ಟು. ಬೀಸುವ ಕೂಲಿ, ಬಡಿಯುವ ಕೂಲಿ, ಗ್ಯಾಸು, ಬಾಡಿಗೆ, ಲಾಭ ಎಲ್ಲವನ್ನೂ ಒಪ್ಪುತ್ತೇನೆ. ಆದರೂ ರೈತನಿಗೆ ನೇರವಾಗಿ ರೊಟ್ಟಿಗೆ ಐವತ್ತು ಪೈಸೆ ಹೆಚ್ಚು ಕೊಟ್ಟರೆ ಕ್ವಿಂಟಲ್ ಲೆಕ್ಕದಲ್ಲಿ ಅದು ಏಳುನೂರಕ್ಕೂ ಮೇಲಾಗುತ್ತದೆ. ಮಾಲೀಕರಿಗೆ ಅದು ಗಮನಕ್ಕೂ ಬಾರದ ಹಣ, ನಮಗೆ ಮುಂದಿನ ಹಂಗಾಮಿಗೂ ಜೋಳವನ್ನೇ ಬಿತ್ತಬೇಕೋ ಬೇಡವೋ ಎಂದು ತೀರ್ಮಾನಿಸುವ ಹಣ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಸಭೆಗಳು, ಮೇಳಗಳು, ಭಾಷಣಗಳು ಸಾಕಷ್ಟು ನಡೆದವು. ರಾಜ್ಯ ಸರ್ಕಾರದ ರೈತ ಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆಯುವವರಿಗೆ ಪ್ರೋತ್ಸಾಹಧನವೂ ಬಂತು. ಬೆಳೆಯಲು ಪ್ರೋತ್ಸಾಹ ಸಿಕ್ಕಿತು, ಬೆಳೆದದ್ದನ್ನು ದಿನವೂ ಕೊಳ್ಳುವ ಅಡುಗೆಮನೆ ಮಾತ್ರ ಸಿಗಲಿಲ್ಲ.

ಇದು ಆಗದ ಕೆಲಸವಲ್ಲ ಎಂಬುದಕ್ಕೆ ಕುಷ್ಟಗಿ ರಸ್ತೆಯ ಒಂದು ಸಣ್ಣ ಖಾನಾವಳಿಯನ್ನು ಉದಾಹರಿಸುತ್ತೇನೆ. ತಾಯಿ, ಮಗ, ಸೊಸೆ ಸೇರಿ ನಡೆಸುವ ಆ ಖಾನಾವಳಿಯಲ್ಲಿ ಮುದ್ರಿತ ಮೆನು ಇಲ್ಲ. ಬೆಳಿಗ್ಗೆ ಸಂತೆಯಲ್ಲಿ ಏನು ಸಿಕ್ಕಿತೋ ಅದನ್ನು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆಯುತ್ತಾರೆ. ನಾನು ಇತ್ತೀಚೆಗೆ ಹೋದ ದಿನ ಅದರ ಮೇಲೆ ‘ಸಜ್ಜಿ ರೊಟ್ಟಿ, ಪುಂಡಿಪಲ್ಯೆ, ಮಡಕಿಕಾಳು, ಚವಳಿಕಾಯಿ’ ಎಂದಿತ್ತು. ಚವಳಿಕಾಯಿ ಮುಗಿದ ಕೂಡಲೇ ಆ ಅಜ್ಜಿ ಸೆರಗಿನಿಂದಲೇ ಅದನ್ನು ಒರೆಸಿಬಿಟ್ಟರು. ಲಾರಿ ಚಾಲಕರು, ಮೇಷ್ಟ್ರುಗಳು, ಬ್ಯಾಂಕಿನವರು ಅಲ್ಲಿ ಸಾಲು ಹಿಡಿದು ನಿಲ್ಲುತ್ತಾರೆ. ಮುಗಿದಿದೆ ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ, ಇದ್ದದ್ದನ್ನು ಉಂಡು ಹೋಗುತ್ತಾರೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಪ್ರವಾಸೋದ್ಯಮ, ಕೃಷಿ, ತೋಟಗಾರಿಕೆ, ಆಹಾರ ಸುರಕ್ಷತೆ, ಮಹಿಳೆಯರ ಸಂಜೀವಿನಿ ಸ್ವಸಹಾಯ ಸಂಘಗಳು ಎಲ್ಲವನ್ನೂ ಒಂದೇ ಮೇಜಿಗೆ ಕರೆಯಬಲ್ಲ ಅಧಿಕಾರ ತಮಗಿದೆ. ಆದ್ದರಿಂದ ಮೊದಲ ಕೋರಿಕೆ ತಮ್ಮಲ್ಲಿಯೇ. ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳಿಂದ ಯಾವ ತಿಂಗಳು ಯಾವ ಹೋಬಳಿಯಲ್ಲಿ ಏನು ಸಿಗುತ್ತದೆ ಎಂಬ ಪಟ್ಟಿಯೊಂದನ್ನು ಮಾಡಿಸಿ, ಯಾವ ರೈತ ಉತ್ಪಾದಕ ಕಂಪನಿ, ಯಾವ ಮಹಿಳಾ ಸಂಘ ಅದನ್ನು ಪೂರೈಸಬಲ್ಲದು ಎಂಬ ವಿವರದೊಂದಿಗೆ ಪ್ರತಿ ಹೋಟೆಲ್‌ಗೂ ತಲುಪಿಸಬೇಕು. ಮಾಲೀಕರನ್ನೂ ನಮ್ಮನ್ನೂ ಒಂದೇ ಸಭೆಗೆ ಕರೆದು, ಕೊಟ್ಟ ಮಾಲಿಗೆ ಇಷ್ಟು ದಿನದೊಳಗೆ ಹಣ, ಒಪ್ಪಿದ ದಿನ ತಪ್ಪದೆ ಮಾಲು ಎಂಬ ಎರಡು ಮಾತನ್ನು ಬರಹದಲ್ಲಿ ಆಗುವಂತೆ ನೋಡಿಕೊಳ್ಳಬೇಕು. ನಮ್ಮ ಕಡೆಯಿಂದ ಮಾತು ತಪ್ಪಿದರೆ ನಮ್ಮನ್ನೂ ಕೇಳುವಂತಿರಲಿ. ರೊಟ್ಟಿ ಬಡಿಯುವ ಸಂಘಗಳಿಗೆ ಹೊಗೆಯಿಲ್ಲದ ಒಲೆ, ಗಾಳಿಯಾಡುವ ಒಂದು ಕೊಠಡಿ ಸಿಕ್ಕರೆ ಅವರ ದುಡಿಮೆಯ ಅರ್ಧ ಭಾರ ಇಳಿಯುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೊಂದು ಸಣ್ಣ ಪಾಲು ದೊರಕಿಸಲು ಪ್ರಯತ್ನಿಸಬೇಕೆಂದು ಬೇಡಿಕೊಳ್ಳುತ್ತೇನೆ. ಸ್ವಸಹಾಯ ಸಂಘದ ಮಹಿಳೆಯರೇ ನಡೆಸುವ ಅಕ್ಕ ಕೆಫೆ ಯೋಜನೆ ರಾಜ್ಯದಲ್ಲಿ ಈಗಾಗಲೇ ಇದೆ. ಅಂಜನಾದ್ರಿಯ ಬುಡದಲ್ಲಿ, ಹುಲಿಗಿಯಲ್ಲಿ ಅಂಥ ಕೇಂದ್ರಗಳು ಋತುಮಾನದ ಊಟ ಕೊಡುವಂತಾದರೆ ಉಳಿದ ಹೋಟೆಲ್‌ಗಳಿಗೆ ಮಾದರಿ ಕಣ್ಣೆದುರೇ ಇರುತ್ತದೆ.

ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವಗಳ ಆಹಾರ ಮಳಿಗೆಗಳಲ್ಲೂ, ಸರ್ಕಾರಿ ಸಭೆಗಳ ಊಟದಲ್ಲೂ ಒಂದು ಬಗೆಯಾದರೂ ಆ ಕಾಲದ, ಈ ಜಿಲ್ಲೆಯ ತಿನಿಸು ಇರಲೇಬೇಕೆಂಬ ನಿಯಮ ಮಾಡಲು ಒಂದು ಸುತ್ತೋಲೆ ಸಾಕು. ಹಾಗೆಯೇ ಸ್ಥಳೀಯ, ಹಳ್ಳಿ, ರೈತರಿಂದ ನೇರ ಎಂದು ಬರೆದುಕೊಂಡ ಹೋಟೆಲ್‌ಗಳು ಯಾವ ಪದಾರ್ಥ ಯಾವ ಊರಿನದು ಎಂಬುದನ್ನು ಅದೇ ಫಲಕದ ಕೆಳಗೆ ಬರೆಯಬೇಕು, ಖರೀದಿಯ ಚೀಟಿಯನ್ನು ಕೇಳಿದಾಗ ತೋರಿಸಬೇಕು. ಆಹಾರ ಸುರಕ್ಷತಾ ಅಧಿಕಾರಿಗಳು ತಮ್ಮ ಮಾಮೂಲಿ ತಪಾಸಣೆಯ ಜೊತೆಯಲ್ಲೇ ಇದನ್ನೂ ನೋಡಬಹುದು.

ಹೋಟೆಲ್ ಮಾಲೀಕರೇ, ತಮ್ಮ ಮೆನುವನ್ನು ಪೂರ್ತಿ ಬದಲಿಸಿ ಎಂದು ನಾನು ಕೇಳುವುದಿಲ್ಲ. ತಮ್ಮ ಮುದ್ರಿತ ಪಟ್ಟಿಯ ಪಕ್ಕದಲ್ಲಿ ಒಂದು ಕರಿಹಲಗೆ ತೂಗುಹಾಕಿ, ದಿನಕ್ಕೆ ಎರಡೇ ಪದಾರ್ಥವನ್ನು ಇಲ್ಲಿಯ ಬೆಳೆಯಿಂದ ಮಾಡಿ ಬಡಿಸಿ. ಮುಗಿದರೆ ಮುಗಿದಿದೆ ಎಂದು ಹೇಳಲು ಹಿಂಜರಿಯಬೇಡಿ. ಬಾಳೆತೋಟದ ಪಕ್ಕದ ರೆಸಾರ್ಟ್‌ನವರು ಊಟದ ಕೊನೆಗೆ ಆನೆಗೊಂದಿಯ ಬಾಳೆಹಣ್ಣು ಕೊಡಿ, ಬೇಸಿಗೆಯಲ್ಲಿ ತಂಪು ಪಾನೀಯದ ಬಾಟಲಿಗಿಂತ ಮೊದಲು ಮಜ್ಜಿಗೆ ಬೇಕೇ ಎಂದು ಕೇಳಿ, ಜನವರಿಯಲ್ಲಿ ಸೀತನಿ ಇದೆ ಎಂದು ಪ್ರಚಾರ ಮಾಡಿ. ಕೆಲವೇ ವಾರ ಸಿಗುವ ತಿನಿಸನ್ನು ಹುಡುಕಿಕೊಂಡು ಬರುವ ಪ್ರವಾಸಿಗರು ಇದ್ದಾರೆ, ಆ ತಿನಿಸಿಗಾಗಿಯೇ ಮರುವರ್ಷ ಮತ್ತೆ ಬರುವವರೂ ಇರುತ್ತಾರೆ. ರೊಟ್ಟಿ ಬಡಿಯುವ ಹೆಣ್ಣುಮಗಳ ಚಿತ್ರ ಗೋಡೆಯ ಮೇಲೆ ಇರಲಿ, ಆಕೆಯ ಬಾಕಿಯನ್ನು ಮಾತ್ರ ದಯವಿಟ್ಟು ಹೊತ್ತಿಗೆ ಸರಿಯಾಗಿ ಕೊಡಿ.

ಹಿಂಗಾರಿ ಬಿತ್ತನೆ ಶುರುವಾಗುವ ಮೊದಲು ಈ ಸಭೆ ನಡೆದರೆ ಎಷ್ಟು ಎಕರೆ ಜೋಳ, ಎಷ್ಟು ಕಡಲೆ ಎಂದು ಲೆಕ್ಕ ಹಾಕಿ ಬಿತ್ತಲು ನಮಗೆ ಅನುಕೂಲವಾಗುತ್ತದೆ. ಜಿಲ್ಲಾಡಳಿತ ಭವನದಲ್ಲಾಗಲಿ, ಕುಷ್ಟಗಿ ಅಥವಾ ಗಂಗಾವತಿಯಲ್ಲಾಗಲಿ, ತಾವು ಕರೆದ ದಿನ ಸಂಘದ ಹೆಣ್ಣುಮಕ್ಕಳೊಂದಿಗೆ ಬಂದು ನಮ್ಮ ಮಾಲಿನ ಮಾದರಿಯನ್ನೂ ನಮ್ಮ ಲೆಕ್ಕವನ್ನೂ ತಮ್ಮ ಮುಂದಿಡಲು ಸಿದ್ಧನಿದ್ದೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಯಲಬುರ್ಗಾ ತಾಲ್ಲೂಕಿನ ಒಬ್ಬ ಜೋಳದ ರೈತ